ಹವಳಕ್ಕೆ ಅಲೆ ತರುವ ಬಕೆಟ್

ನೋಡಲು ಕಲ್ಲಿನಂತೆಯೋ ಗಿಡದಂತೆಯೋ ಕಂಡರೂ ಹವಳ ಒಂದು ಪ್ರಾಣಿ. ಆದರೆ ಮೀನಿನ ಹಾಗೆ ಅದು ಊಟ ಹುಡುಕಿಕೊಂಡು ಹೋಗಲಾರದು. ಆಮ್ಲಜನಕ, ಸೂಕ್ಷ್ಮ ಆಹಾರ ಎರಡೂ ನೀರಿನ ಹರಿವಿನಲ್ಲೇ ಅದರ ಬಳಿಗೆ ಬರಬೇಕು. ಅದು ಹೊರಹಾಕಿದ ಲೋಳೆ, ಕಲ್ಮಶ ಅದೇ ಹರಿವಿನಲ್ಲಿ ಕೊಚ್ಚಿಹೋಗಬೇಕು. ನೀರಿನ ಓಡಾಟ ಕಡಿಮೆಯಾದರೆ ಹವಳದ ಮೈಗೆ ಹೊಂದಿಕೊಂಡಂತೆ ಅಲುಗಾಡದ ನೀರಿನ ಪದರವೊಂದು ದಪ್ಪವಾಗುತ್ತದೆ. ಆಗ ಉಸಿರಾಟಕ್ಕೂ ಕಷ್ಟ, ಬೆಳವಣಿಗೆಗೂ ಕಷ್ಟ.

ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವುದು ಅಮೆರಿಕ, ಯುರೋಪಿನಲ್ಲಿ ದೊಡ್ಡ ಹವ್ಯಾಸ. ಭಾರತದಲ್ಲಿ ಇದಕ್ಕೆ ಕಾನೂನಿನ ಗೆರೆಯಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಇರುವಂಥ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ.

ತೊಟ್ಟಿಯಲ್ಲಿ ಎಷ್ಟು ಹರಿವು ಬೇಕು? ಹವ್ಯಾಸಿಗಳು ಪಾಲಿಸುವ ಅಂದಾಜಿನಂತೆ, ಮೃದು ಹವಳಗಳಿಗೆ ತೊಟ್ಟಿಯ ನೀರಿನ 10ರಿಂದ 20 ಪಟ್ಟು ನೀರು ಪ್ರತಿ ಗಂಟೆ ಚಲಿಸಬೇಕು. ಅಕ್ರೊಪೊರಾದಂಥ ಕವಲೊಡೆಯುವ ಹವಳಗಳಿಗೆ 40 ಪಟ್ಟು. ಅಂದರೆ 200 ಲೀಟರಿನ ತೊಟ್ಟಿಗೆ ಗಂಟೆಗೆ 8,000 ಲೀಟರ್‌ವರೆಗೂ ಬೇಕಾದೀತು.

ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಹವಳ ಚೆನ್ನಾಗಿ ಬೆಳೆಯುವುದಿಲ್ಲ. ಒಂದೇ ದಿಕ್ಕಿನಿಂದ ಸದಾ ಬಡಿಯುವ ನೀರು ಎದುರಿಗಿರುವ ಹವಳದ ಮಾಂಸವನ್ನೇ ಕೀಳುತ್ತದೆ. ಅದೇ ಹೊತ್ತಿಗೆ ಬಂಡೆಯ ಹಿಂದೆ ಕೊಳೆ ಕೂರುತ್ತದೆ, ಕೆಂಪು ಲೋಳೆ ಹಬ್ಬುತ್ತದೆ. ಕಡಲಿನಲ್ಲಿ ನೀರು ನುಗ್ಗಿ ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ನುಗ್ಗುತ್ತದೆ. ತೊಟ್ಟಿಗೆ ಬೇಕಾದದ್ದೂ ಈ ಏರಿಳಿತವೇ.

ಇದಕ್ಕೊಂದು ಸರಳ ಉಪಾಯ ಹವಾಯಿಯಿಂದ ಬಂತು. ಹೊನೊಲುಲುವಿನ ಕಡಲ ದಂಡೆಯಲ್ಲಿ 1904ರಲ್ಲಿ ಆರಂಭವಾದ ವೈಕೀಕಿ ಅಕ್ವೇರಿಯಂನ ನಿರ್ದೇಶಕರಾಗಿದ್ದ ಬ್ರೂಸ್ ಕಾರ್ಲ್ಸನ್ ರೂಪಿಸಿದ ಸಾಧನವದು. ಅವರ ಹೆಸರಿನಲ್ಲೇ ಅದು ‘ಕಾರ್ಲ್ಸನ್ ಸರ್ಜ್ ಡಿವೈಸ್’ ಎಂದು ಪ್ರಸಿದ್ಧ. ತೊಟ್ಟಿಗಿಂತ ಎತ್ತರದಲ್ಲಿ ಒಂದು ಬಕೆಟ್. ಅದರೊಳಗೆ ತಲೆಕೆಳಗಾದ ‘ಯು’ ಆಕಾರದ ಪಿವಿಸಿ ಪೈಪು: ಒಂದು ಬಾಯಿ ಬಕೆಟ್ಟಿನ ತಳದ ಹತ್ತಿರ, ಇನ್ನೊಂದು ಕೆಳಗೆ ತೊಟ್ಟಿಯ ನೀರಿನಲ್ಲಿ. ಸಣ್ಣ ಪಂಪೊಂದು ನಿಧಾನವಾಗಿ ಬಕೆಟ್ ತುಂಬಿಸುತ್ತದೆ. ನೀರು ಪೈಪಿನ ಬಾಗನ್ನು ದಾಟಿದೊಡನೆ ಸೈಫನ್ ಶುರುವಾಗಿ, ಇಡೀ ಬಕೆಟ್ ನೀರು ಒಮ್ಮೆಲೇ ತೊಟ್ಟಿಗೆ ನುಗ್ಗುತ್ತದೆ. ತಳ ಕಂಡಾಗ ಪೈಪು ಗಾಳಿ ಎಳೆದುಕೊಂಡು ನಿಲ್ಲುತ್ತದೆ. ಬಕೆಟ್ ಮತ್ತೆ ತುಂಬತೊಡಗುತ್ತದೆ. ನೀರು ಶಿಶು ಕೃಷ್ಣನ ಪಾದ ಮುಟ್ಟಿದೊಡನೆ ತಾನಾಗಿ ಖಾಲಿಯಾಗುವ ವಸುದೇವನ ಬಟ್ಟಲಿನಲ್ಲಿರುವುದೂ ಇದೇ ತಂತ್ರ.

ಟೈಮರ್ ಬೇಡ, ದುಬಾರಿ ಕಂಟ್ರೋಲರ್ ಬೇಡ. ಗಂಟೆಗೆ 600 ಲೀಟರ್ ಎತ್ತುವ ಪಂಪಿದ್ದರೆ 20 ಲೀಟರಿನ ಬಕೆಟ್ ಎರಡು ನಿಮಿಷಕ್ಕೊಮ್ಮೆ ತುಂಬುತ್ತದೆ. ಎಚ್ಚರಿಕೆಗಳೂ ಇವೆ. ಪೈಪು ದಪ್ಪವಿದ್ದು ಪಂಪು ತೀರಾ ಬಡಕಲಾದರೆ ಸೈಫನ್ ಹಿಡಿಯದೆ ನೀರು ಬರೀ ಜಿನುಗುತ್ತದೆ. ಒಂದು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಗೆ 20 ಲೀಟರ್ ಬಿದ್ದರೆ ಮಟ್ಟ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಏರುತ್ತದೆ. ಅಷ್ಟು ಜಾಗ ಮೇಲೆ ಖಾಲಿ ಇರಬೇಕು. ಸೈಫನ್ ಕಟ್ಟಿಕೊಂಡರೆ ಬಕೆಟ್ ಉಕ್ಕದಂತೆ ಬದಿಯಲ್ಲಿ ತೊಟ್ಟಿಗೇ ಇಳಿಯುವ ಇನ್ನೊಂದು ಪೈಪು ಬೇಕು. ಗುಳ್ಳೆ, ಸದ್ದು, ಉಪ್ಪುನೀರಿನ ಸಿಡಿತ ಇದ್ದದ್ದೇ.

ಇಷ್ಟು ಕಟ್ಟಲು ಜಾಗವಿಲ್ಲದವರಿಗೆ ಪ್ರೊಪೆಲ್ಲರ್ ಪಂಪು ಅನುಕೂಲ. ಹಳೆಯ ಮಾದರಿಯ ಪಂಪುಗಳು ನೀರನ್ನು ಕಿರಿದಾದ ಬಾಯಿಂದ ಚಿಮ್ಮಿಸುತ್ತವೆ. ಪ್ರೊಪೆಲ್ಲರ್ ಅದನ್ನು ಅಗಲವಾಗಿ, ಮೆತ್ತಗೆ ತಳ್ಳುತ್ತದೆ. ಗಂಟೆಗೆ ಸುಮಾರು 1,100 ಲೀಟರ್ ನೂಕುತ್ತಿದ್ದ ‘ಮ್ಯಾಕ್ಸಿ-ಜೆಟ್ 1200’ ಪಂಪಿಗೆ ಅಮೆರಿಕದ ಹವ್ಯಾಸಿಗಳು ಪ್ರೊಪೆಲ್ಲರ್ ಜೋಡಿಸಿ, ಅದೇ ಮೋಟಾರಿನಿಂದ ಹಲವು ಪಟ್ಟು ಹರಿವು ಪಡೆದರು. ದೊಡ್ಡದೊಂದರ ಬದಲು ಎರಡು ಸಣ್ಣ ಪಂಪುಗಳನ್ನು ಎದುರುಬದುರಾಗಿಟ್ಟರೆ ಧಾರೆಗಳು ನಡುವೆ ಡಿಕ್ಕಿಯಾಗಿ ಸುಳಿಯೇಳುತ್ತವೆ.

ಬಿಡಿಗಾಸೂ ಬೇಡದ ಸುಧಾರಣೆಗಳೂ ಇವೆ. ಬಂಡೆಗಳನ್ನು ಹಿಂದಿನ ಗಾಜಿಗೆ ಒತ್ತಿ ಪೇರಿಸದೆ ಸಂದು ಬಿಟ್ಟರೆ ನೀರು ಹಿಂದೆಯೂ ಸುತ್ತುತ್ತದೆ. ಮೀನಿಗೆ ಆಹಾರ ಹಾಕಿದಾಗ ಕಣಗಳು ಎಲ್ಲಿ ತೇಲುತ್ತವೆ, ಎಲ್ಲಿ ಇಳಿದು ಕೂರುತ್ತವೆ ಎಂದು ಗಮನಿಸಿದರೆ ಹರಿವು ತಲುಪದ ಮೂಲೆ ಗೊತ್ತಾಗುತ್ತದೆ. ಇನ್ನು, ತಿಂಗಳುಗಟ್ಟಲೆ ಓಡಿದ ಪಂಪಿನೊಳಗೆ ಸುಣ್ಣ ಕಟ್ಟಿ ಹರಿವು ಕುಗ್ಗಿರುತ್ತದೆ. ಬಿಚ್ಚಿ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ ತೊಳೆದರೆ ಹೊಸ ಪಂಪು ಕೊಳ್ಳುವ ಖರ್ಚು ಎಷ್ಟೋ ಸಲ ತಪ್ಪುತ್ತದೆ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು. ಪಂಪಿನ ಕೊಳವೆಯ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಇಳಿಯುತ್ತದೆ. ತುದಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ಹರಿವು ನಿಂತ ತೊಟ್ಟಿಯಲ್ಲಿ ಮೊದಲು ಕಡಿಮೆಯಾಗುವುದು ಆಮ್ಲಜನಕ. ಆದ್ದರಿಂದ ಬ್ಯಾಟರಿಯಲ್ಲಿ ಓಡುವ ಪುಟ್ಟ ಏರ್ ಪಂಪೊಂದು ಹತ್ತಿರದಲ್ಲೇ ಇರಬೇಕು.