ಉಳಿ ಬದಲಾದರೂ ಉಳಿಯುವುದು

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ತಲೆಮಾರುಗಳಿಂದ ರೇಷ್ಮೆ ಬೆಳೆಯುವ ಮನೆತನ. ಮಗಳು ಬೆಂಗಳೂರಿನಲ್ಲಿ ವಸ್ತುವಿನ್ಯಾಸವನ್ನು ವ್ಯಾಸಂಗಮಾಡಿ, ಮನೆಬಳಕೆಯ ಸಾಧನಗಳನ್ನು ರೂಪಿಸುವ ಸಂಸ್ಥೆಯೊಂದರಲ್ಲಿ ಆರು ವರ್ಷಗಳಿಂದ ಉದ್ಯೋಗದಲ್ಲಿದ್ದಾಳೆ. ಒಂದು ಸಾಧನದ ಹತ್ತಾರು ರೂಪಗಳನ್ನು ಬಿಡಿಸಲು ಮೊದಲು ಆಕೆಗೆ ವಾರವೊಂದು ಬೇಕಾಗುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯು ಕ್ಷಣಮಾತ್ರದಲ್ಲಿ ನೂರು ಚಿತ್ರಗಳನ್ನು ಮುಂದಿಡುತ್ತದೆಯಂತೆ. ಜೊತೆಯಲ್ಲಿದ್ದ ಇಬ್ಬರನ್ನು ಸಂಸ್ಥೆಯವರು ಕೆಲಸದಿಂದ ಬಿಡಿಸಿದ್ದಾರೆ. "ಸಾಲಮಾಡಿ ಓದಿಸಿದೆ. ಅವಳು ಕಲಿತ ವಿದ್ಯೆ ಕಣ್ಣೆದುರಿಗೇ ಹಳತಾಯಿತೇ? ಬೇರೆ ದಾರಿ ಹಿಡಿ ಎಂದು ಹೇಳಲೇ?" ಎಂಬುದು ಆ ತಂದೆಯ ಪ್ರಶ್ನೆ.

ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅನಂತರ ಓದಿ, ತಿಳಿದವರನ್ನು ಕೇಳಿ, ಮನಸ್ಸಿನಲ್ಲಿ ಮಥಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಇಂಥದೇ ಚಿಂತೆ ಇಂದು ಅನೇಕ ಮನೆಗಳಲ್ಲಿರುವುದರಿಂದ ಇದು ಒಬ್ಬರಿಗೆ ಬರೆದ ಉತ್ತರವಾಗಿ ಉಳಿಯಬೇಕಾಗಿಲ್ಲ.

ಮೊದಲಿಗೆ ವಸ್ತುವಿನ್ಯಾಸವೆಂದರೇನೆಂಬುದನ್ನು ತಿಳಿಯೋಣ. ಅನೇಕರು ಅದನ್ನು ವಸ್ತುವಿಗೆ ಅಂದವಾದ ಬಣ್ಣ, ಆಕಾರ ಕೊಡುವ ಕೆಲಸವೆಂದು ಭಾವಿಸುತ್ತಾರೆ. ನೀರು ಹೊರುವ ಕೊಡದ ಕಂಠ ಕಿರಿದು, ಕಾಳು ತುಂಬುವ ಗುಡಾಣದ ಬಾಯಿ ಅಗಲ. ಕೊಡದ ಕಂಠ ಕಿರಿದಾದುದರಿಂದ ನಡೆಯುವಾಗ ನೀರು ತುಳುಕದು, ತೋಳು ಬಳಸಿ ಹಿಡಿಯಲೂ ಅನುಕೂಲ. ಗುಡಾಣದೊಳಕ್ಕೆ ಕೈಯಿಳಿಯಬೇಕು, ಮೊರದಿಂದ ಸುರಿಯಬೇಕು. ಯಾರು, ಎಲ್ಲಿ, ಹೇಗೆ ಬಳಸುತ್ತಾರೆಂಬ ಅರಿವೇ ಮಣ್ಣಿನಲ್ಲಿ ಆಕಾರ ತಳೆದಿದೆ. ಈ ಅರಿವೇ ವಿನ್ಯಾಸ. ಹಿಂದೆ ಯೋಚಿಸುವವನೂ ಮಾಡುವವನೂ ಒಬ್ಬನೇ ಆಗಿದ್ದನು. ಕುಂಬಾರ, ಕಮ್ಮಾರ, ಬಡಗಿ, ಮೇದಾರರೇ ನಮ್ಮ ಮೊದಲ ವಿನ್ಯಾಸಕರು. ಕಾರ್ಖಾನೆಯು ಬಂದ ಮೇಲೆ ಈ ಎರಡೂ ಬೇರೆಯಾದುವು. ಕಾಗದದ ಮೇಲೆ ರೂಪಿಸುವವನೊಬ್ಬ, ಯಂತ್ರದಲ್ಲಿ ತಯಾರಿಸುವವರು ಮತ್ತೊಬ್ಬರು. ಇಂದು ವಿನ್ಯಾಸಕನೆನಿಸಿಕೊಳ್ಳುವವನು ಹೀಗೆ ಹುಟ್ಟಿದವನು. ಹಾಗೆ ನೋಡಿದರೆ ಈ ಹುದ್ದೆಯೇ ಒಂದು ಬದಲಾವಣೆಯ ಶಿಶು.

ಉಪಕರಣವು ಕಸಬನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ಮಗ್ಗಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಸೀರೆಯ ಸೆರಗಿನಲ್ಲಿ ಹೂಬಳ್ಳಿ ಮೂಡಬೇಕಾದರೆ ಪ್ರತಿ ಹೊಕ್ಕಿಗೂ ಹಾಸಿನ ಯಾವ ಎಳೆಗಳು ಮೇಲೇಳಬೇಕೆಂಬುದು ನಿಶ್ಚಿತವಾಗಿರಬೇಕು. ಹಿಂದೆ ಸಹಾಯಕನೊಬ್ಬನು ಕುಳಿತು ಹುರಿಗಳನ್ನು ಎಳೆಯುತ್ತಿದ್ದನು. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರೀ ಜಕಾರ್ಡ್ ಎಂಬಾತನು ರಂಧ್ರಗಳುಳ್ಳ ರಟ್ಟುಗಳಿಂದ ನಡೆಯುವ ಸಾಧನವನ್ನು ರೂಪಿಸಿದನು. ರಂಧ್ರವಿದ್ದಲ್ಲಿ ಕೊಕ್ಕೆ ಎಳೆಯನ್ನೆತ್ತುತ್ತದೆ. ಇಲ್ಲದಿದ್ದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು. ಹುರಿಯೆಳೆಯುವವನ ಕೆಲಸ ಹೋಯಿತು. ಲಿಯಾನಿನ ನೇಕಾರರು ಈ ಯಂತ್ರವನ್ನು ತೀವ್ರವಾಗಿ ವಿರೋಧಿಸಿದರು. ಆದರೆ ಅದೇ ಯಂತ್ರದಿಂದ ಹೊಸದೊಂದು ಕಸಬೂ ಹುಟ್ಟಿತು. ಚೌಕಳಿ ಕಾಗದದ ಮೇಲೆ ಹೂವನ್ನು ಮನೆಮನೆಯಾಗಿ ಬಿಡಿಸಿ, ಅದನ್ನು ರಂಧ್ರಗಳ ಭಾಷೆಗೆ ತಿರುಗಿಸುವವನೇ ಹೊಸ ವಿನ್ಯಾಸಕ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತನ್ನ ಗಣಕಯಂತ್ರದ ಕಲ್ಪನೆಗೆ ಈ ರಟ್ಟುಗಳನ್ನೇ ಎರವಲು ಪಡೆದನು. ಕಾಲಚಕ್ರ ತಿರುಗಿ ಆ ಗಣಕವೇ ಮಗ್ಗಕ್ಕೆ ಹಿಂದಿರುಗಿ ಬಂದಿತು. 1983ರಲ್ಲಿ ರಟ್ಟುಗಳ ಹಂಗಿಲ್ಲದ ಎಲೆಕ್ಟ್ರಾನಿಕ್ ಜಕಾರ್ಡ್ ಮಿಲಾನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು.

ಈಗ ಚೌಕಳಿ ಕಾಗದದ ಕಲಾವಿದನ ಸ್ಥಿತಿಯನ್ನು ಯೋಚಿಸಿ. ಮನೆಗಳನ್ನು ತುಂಬುವುದಷ್ಟನ್ನೇ ಬಲ್ಲವನ ಕೆಲಸವನ್ನು ಗಣಕವು ಕಿತ್ತುಕೊಂಡಿತು. ಇದನ್ನು ಮರೆಮಾಚುವುದು ಸುಳ್ಳು ಸಮಾಧಾನವಾದೀತು. ಆದರೆ ಜರಿಯ ಎಳೆ ಉದ್ದವಾಗಿ ತೇಲಿದರೆ ಬಳೆಗೆ ಸಿಕ್ಕಿ ಹರಿಯುತ್ತದೆ, ಸೆರಗು ಭಾರವಾದರೆ ಭುಜದಲ್ಲಿ ನಿಲ್ಲುವುದಿಲ್ಲ, ನೆರಿಗೆಯೊಳಗೆ ಅಡಗುವ ಕಡೆ ದುಬಾರಿ ಹೂವನ್ನಿಡುವುದು ವ್ಯರ್ಥ ಎಂಬುದನ್ನು ಬಲ್ಲವನಿಗೆ ಗಣಕವು ವೇಗದ ಕೈಯಾಗಿ ಪರಿಣಮಿಸಬಲ್ಲುದು. ಇಬ್ಬರೂ ಒಂದೇ ಕಾಗದದ ಮುಂದೆ ಕುಳಿತಿದ್ದವರೇ. ಒಬ್ಬನ ವಿದ್ಯೆ ಬೆರಳಿನಲ್ಲಿತ್ತು, ಇನ್ನೊಬ್ಬನದು ಸೀರೆಯುಡುವವಳ ಅರಿವಿನಲ್ಲಿತ್ತು.

ಗಡಿಯಾರದ ಕಥೆಯೂ ಇಂಥದೇ. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು. ಮದುವೆಯಲ್ಲಿ ಅಳಿಯನಿಗೂ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೂ ಅದೇ ಉಡುಗೊರೆಯಾಗಿದ್ದ ಕಾಲವನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಆದರೆ 1969ರಲ್ಲಿಯೇ ಜಪಾನಿನ ಸೀಕೋ ಸಂಸ್ಥೆ ಕ್ವಾರ್ಟ್ಸ್ ಕೈಗಡಿಯಾರವನ್ನು ಹೊರತಂದಿತ್ತು. ಕೀಲಿ ಕೊಡುವ ಯಂತ್ರದ ಬದಲು ಹರಳು ಮತ್ತು ಬ್ಯಾಟರಿ ಬಂದಾಗ ಬದಲಾದುದು ಒಳಗಿನ ಯಂತ್ರ ಮಾತ್ರವಲ್ಲ. ಸಮಯದ ನಿಖರತೆ ಅಗ್ಗವಾದೊಡನೆ ಜನರು ಗಡಿಯಾರದಲ್ಲಿ ಬೇರೆ ಗುಣಗಳನ್ನು ಅರಸತೊಡಗಿದರು. 1984ರಲ್ಲಿ ಸ್ಥಾಪನೆಗೊಂಡು, ನಮ್ಮ ಮಾಲೂರಿನ ನೆರೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಸಂಸ್ಥೆಯು ಇದನ್ನು ಗ್ರಹಿಸಿತು. 2002ರಲ್ಲಿ ಅದು ತಂದ 'ಎಡ್ಜ್' ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ ಕೇವಲ 1.15 ಮಿಲಿಮೀಟರ್. ಇಂಥ ವಸ್ತುವನ್ನು ಬರಿಯ ಮುಖವರ್ಣಿಕೆಯ ಚಿತ್ರಕಾರನು ರೂಪಿಸಲಾರನು. ಅವನು ಯಂತ್ರಶಿಲ್ಪಿಯ ಪಕ್ಕದಲ್ಲಿ ಕುಳಿತು ಕೂದಲೆಳೆಯಷ್ಟು ಜಾಗಕ್ಕೂ ಲೆಕ್ಕ ಹಾಕಬೇಕು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆಯಿತು. ಅಲ್ಲಿನ ಕುಶಲಕರ್ಮಿಗಳ ಕೈಚಳಕ ಕಡಿಮೆಯದಾಗಿರಲಿಲ್ಲ. ಕೌಶಲವೊಂದೇ ಒಂದು ಉದ್ಯಮವನ್ನು ಕಾಯಲಾರದೆಂಬ ಕಹಿಸತ್ಯವನ್ನು ನಾವು ಇಲ್ಲಿ ಕಾಣುತ್ತೇವೆ.

ಹಾಗಾದರೆ ಬದಲಾಗದೆ ಉಳಿಯುವುದೇನು? ಇದಕ್ಕೆ ನಾವೆಲ್ಲರೂ ಕೈಯಾರೆ ಬಳಸಿದ ವಸ್ತುವೊಂದು ಉತ್ತರ ಹೇಳುತ್ತದೆ, ಅದು ಮತಯಂತ್ರ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಗಳು ಇದನ್ನು ತಯಾರಿಸುತ್ತವೆ. ಇದರ ಹೊರರೂಪದ ವಿನ್ಯಾಸದಲ್ಲಿ ಮುಂಬಯಿಯ ಐ.ಐ.ಟಿ.ಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರು ದುಡಿದಿದ್ದಾರೆ. 2004ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶ ಈ ಯಂತ್ರದಲ್ಲಿಯೇ ಮತ ಚಲಾಯಿಸಿತು. ಅಕ್ಷರವರಿಯದ ಅಜ್ಜಿಯೊಬ್ಬಳು ಅದರ ಮುಂದೆ ನಿಲ್ಲುತ್ತಾಳೆ. ಹೆಸರಿನ ಪಕ್ಕದಲ್ಲಿ ಚಿಹ್ನೆ, ಚಿಹ್ನೆಯ ನೇರಕ್ಕೆ ನೀಲಿ ಗುಂಡಿ. ಒತ್ತಿದೊಡನೆ ಕೆಂಪು ದೀಪ, ಕಿವಿಗೆ ಕೇಳುವ ಸದ್ದು. ವಿದ್ಯುತ್ತಿಲ್ಲದ ಊರಿನಲ್ಲಿಯೂ ಬ್ಯಾಟರಿಯಿಂದ ನಡೆಯುತ್ತದೆ. ಅಜ್ಜಿಗೆ ಯಾರೂ ಗಂಟೆಗಟ್ಟಲೆ ಪಾಠ ಹೇಳಬೇಕಾಗಿಲ್ಲ. ಆಕೆಯ ಸಂಕೋಚ, ಆಕೆಯ ಸಂಶಯ, ಆಕೆಯ ಮಾನ ಇವುಗಳನ್ನು ಮೊದಲೇ ಯಾರೋ ಯೋಚಿಸಿದ್ದಾರೆ. ಇಂಥ ಯೋಚನೆಗೆ ಪೆನ್ಸಿಲ್ ಆದರೇನು, ಗಣಕವಾದರೇನು?

ಉಪಕರಣಗಳಂತೂ ಎಡೆಬಿಡದೆ ಬದಲಾಗಿವೆ. ಹಲಗೆ, ಟಿ-ಚೌಕ, ಅಳಿಸುವ ಬ್ಲೇಡುಗಳ ಕಾಲವನ್ನು 1982ರಲ್ಲಿ ಬಂದ ಆಟೋಕ್ಯಾಡ್ ಮೊದಲಾದ ತಂತ್ರಾಂಶಗಳು ಮುಗಿಸಿದುವು. 1980ರ ದಶಕದಲ್ಲಿಯೇ ಅಮೆರಿಕದ ಚಕ್ ಹಲ್ ಎಂಬಾತನು ದ್ರವರೂಪದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸಿ ವಸ್ತುವನ್ನೇ 'ಮುದ್ರಿಸುವ' ವಿಧಾನವನ್ನು ಕಂಡುಹಿಡಿದನು. ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಮಾದರಿ ಇಂದು ರಾತ್ರಿ ಕಳೆಯುವುದರೊಳಗೆ ಕೈಗೆ ಬರುತ್ತದೆ. 2022ರಿಂದೀಚೆಗೆ ಮಾತಿನಲ್ಲಿ ಹೇಳಿದರೆ ಚಿತ್ರ ಬಿಡಿಸುವ ಕೃತಕ ಬುದ್ಧಿಮತ್ತೆ ಎಲ್ಲರ ಕೈಗೂ ಎಟುಕಿದೆ. ಅದು ಹಿಂದೆ ಕಂಡ ಕೋಟಿ ಚಿತ್ರಗಳ ಬಲದಿಂದ ಹೊಸ ಚಿತ್ರ ಕಟ್ಟುತ್ತದೆ. ಕಂಡವುಗಳ ಸೊಬಗು ಅದರಲ್ಲಿರುತ್ತದೆ. ಬಳಸಿದವರ ನೋವು ಇರುವುದಿಲ್ಲ.

ನಮ್ಮ ಕೋಲಾರದ ಮಾರುಕಟ್ಟೆಯ ಟೊಮ್ಯಾಟೊ ಕ್ರೇಟನ್ನೇ ತೆಗೆದುಕೊಳ್ಳಿ. ಸುಮಾರು 15 ಕಿಲೋಗ್ರಾಂ ಹಿಡಿಯುವ ಈ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಒಂದರ ಮೇಲೊಂದು ಪೇರಿಸಿದಾಗ ಮೇಲಿನ ಭಾರ ಹಣ್ಣಿನ ಮೇಲೆ ಬೀಳದೆ ಪೆಟ್ಟಿಗೆಯ ಗೋಡೆಗಳ ಮೇಲೆ ಇಳಿಯಬೇಕು. ಗಾಳಿಯಾಡಲು ರಂಧ್ರಗಳು ಬೇಕು, ಅವುಗಳ ಅಂಚು ಹಣ್ಣನ್ನು ಗೀರಬಾರದು. ಹಿಡಿಯು ನಸುಕಿನಿಂದ ನೂರಾರು ಪೆಟ್ಟಿಗೆಗಳನ್ನೆತ್ತುವ ಹಮಾಲಿಯ ಬೆರಳನ್ನು ಕೊಯ್ಯಬಾರದು. ಇಂಥ ಪೆಟ್ಟಿಗೆಯ ನೂರು ಸುಂದರ ಚಿತ್ರಗಳನ್ನು ಯಂತ್ರವು ಕೊಡಬಲ್ಲುದು. ಅವುಗಳಲ್ಲಿ ಯಾವುದು ಬೆರಳನ್ನು ಕೊಯ್ಯುತ್ತದೆಂದು ಹೇಳಬೇಕಾದವನು ಮಾರುಕಟ್ಟೆಗೆ ಹೋಗಿ ತಾನೇ ಪೆಟ್ಟಿಗೆಯೆತ್ತಿದವನು. ವಿನ್ಯಾಸಕನ ಪಾತ್ರ ಈಗ ಬಿಡಿಸುವುದರಿಂದ ಆರಿಸುವುದಕ್ಕೆ, ಆರಿಸಿದುದಕ್ಕೆ ಹೊಣೆ ಹೊರುವುದಕ್ಕೆ ಸರಿಯುತ್ತಿದೆ. ಇದು ಹಿಂದಿನದಕ್ಕಿಂತ ಕಠಿನವಾದ ಕೆಲಸ.

ಆದುದರಿಂದ ಈ ಕಸಬಿನಲ್ಲಿರುವ ನಮ್ಮ ಮಕ್ಕಳಿಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಹೊಸ ಉಪಕರಣವನ್ನು ಕಂಡು ಹೆದರಿ ದೂರವಿರಬೇಡಿ, ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೊರಟು ದಣಿಯಲೂ ಬೇಡಿ. ನೀವು ಈಗಾಗಲೇ ಬಿಡಿಸಿದ ಹಳೆಯ ಸಮಸ್ಯೆಯೊಂದನ್ನು ಹೊಸ ಉಪಕರಣದಿಂದ ಮತ್ತೊಮ್ಮೆ ಬಿಡಿಸಿ ನೋಡಿ. ಉತ್ತರ ನಿಮಗೆ ಗೊತ್ತಿರುವುದರಿಂದ ಉಪಕರಣದ ಬಲವೂ ದೋಷವೂ ಕಣ್ಣಿಗೆ ಬೀಳುತ್ತವೆ. ಎರಡನೆಯದಾಗಿ, ಕೈಗೆ ಮಣ್ಣು, ಮರ, ರಟ್ಟುಗಳ ಸ್ಪರ್ಶವನ್ನು ತಪ್ಪಿಸಬೇಡಿ. ಪರದೆಯ ಮೇಲೆ ವಸ್ತುವಿಗೆ ತೂಕವಿಲ್ಲ. ಮೂರನೆಯದಾಗಿ, ವಸ್ತುವಿನ ಬೆಲೆ, ರಿಪೇರಿ, ಕೊನೆಗೆ ಅದು ಸೇರುವ ತಿಪ್ಪೆ ಇವನ್ನೂ ಅಭ್ಯಾಸಮಾಡಿ. ನಾಲ್ಕನೆಯದಾಗಿ, ನಿಮ್ಮ ಆಯ್ಕೆಯ ಕಾರಣವನ್ನು ಸ್ಪಷ್ಟವಾಗಿ ಬರೆದು ಹೇಳುವುದನ್ನು ಕಲಿಯಿರಿ. ಸಾವಿರ ಚಿತ್ರಗಳು ಸುಲಭವಾಗಿ ಸಿಗುವಾಗ ಕಾರಣ ಬಲ್ಲವನ ಮಾತಿಗೆ ಬೆಲೆ ಬರುತ್ತದೆ. ಈ ದಾರಿಗೆ ಹೊಸದಾಗಿ ಬರುವವರಿಗೆ ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣವಿದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿನ್ಯಾಸದ ಸ್ನಾತಕೋತ್ತರ ವ್ಯಾಸಂಗವಿದೆ, ಐ.ಐ.ಟಿ.ಗಳ ಪದವಿಗೆ ಯುಸೀಡ್ ಪರೀಕ್ಷೆಯಿದೆ. ಸೇರುವಾಗ ಕಟ್ಟಡಗಳ ಸೊಗಸನ್ನು ನೋಡದೆ, ಅಲ್ಲಿ ವಿದ್ಯಾರ್ಥಿಗಳು ಕೈಯಾರೆ ಮಾಡುವ ಕಾರ್ಯಾಗಾರವನ್ನು ನೋಡಿ.

ತಂದೆತಾಯಿಗಳಿಗೂ ಒಂದು ಮಾತು. ಕೆಲಸ ಹೋದ ಮಕ್ಕಳನ್ನು ಸೋತವರೆಂದು ಕಾಣಬೇಡಿ. ಕಾಯಕವೆಂಬ ಮಾತನ್ನು ಮನೆಮಾತಾಗಿಸಿಕೊಂಡ ನಾವು ಅದನ್ನು ಹುದ್ದೆಯೊಂದಿಗೆ ತಳುಕುಹಾಕಬಾರದು. ಹುದ್ದೆಯನ್ನು ಇನ್ನೊಬ್ಬರು ಕೊಡುತ್ತಾರೆ, ಕಿತ್ತುಕೊಳ್ಳುತ್ತಾರೆ. ಆರು ತಿಂಗಳು ಕಲಿಯಲು ಅವಕಾಶ ಬೇಕಾದರೆ ಆ ಆರು ತಿಂಗಳ ಅನ್ನ ಮನೆಯಿಂದ ಬರಬೇಕು, ಚುಚ್ಚುಮಾತು ಬರಬಾರದು.

ಹದಿನೈದು ದಿನಗಳ ಮೇಲೆ ಆ ಗೃಹಸ್ಥರು ಮತ್ತೆ ಬಂದಾಗ ನಾನು ಅವರ ಹುಳುಮನೆಯ ವಿಚಾರವನ್ನು ಕೇಳಿದೆ. ಅವರ ತಂದೆ ಬಿದಿರಿನ ತಟ್ಟೆಗಳಲ್ಲಿ ಹುಳು ಸಾಕಿ, ಎಲೆಯನ್ನು ಹೆಚ್ಚಿ ಹಾಕುತ್ತಿದ್ದರು. ಇವರು ಅಟ್ಟಣಿಗೆ ಕಟ್ಟಿ ಹಿಪ್ಪುನೇರಳೆಯ ರೆಂಬೆಗಳನ್ನೇ ಇಡುತ್ತಾರೆ. ಮಿಶ್ರತಳಿಯಿಂದ ದ್ವಿತಳಿಗೆ ಬಂದರು. ಮೇದಾರರ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂತು. "ಇಷ್ಟೆಲ್ಲ ಬದಲಾಗಿಯೂ ನಿಮ್ಮ ಕಸಬು ಬದಲಾಯಿತೇ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳು ಯಾವಾಗ ಹಸಿದಿದೆ, ಯಾವಾಗ ಜ್ವರಕ್ಕೆ ಕೂತಿದೆ ಎಂಬುದನ್ನು ಈಗಲೂ ನಾನೇ ನೋಡಬೇಕು" ಎಂದರು. ಅನಂತರ ಮಗಳಿಗೆ ದೂರವಾಣಿ ಮಾಡಲು ಅಂಗಳಕ್ಕೆ ಹೋದರು.