ಹೊಗೆಗೂಡಿನ ಬಾಡಿಗೆದಾರ

ತುಳಸಿಗೇರಿಯ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಒಲೆಯ ಹೊಗೆಗೆ ಬೆಳಕಿಂಡಿಯೇ ದಾರಿ. ಪಟ್ಟಣದ ಕೆಲವು ಮನೆಗಳಲ್ಲಿ ಹೊಗೆಗೂಡು. ಗ್ಯಾಸಿನ ಒಲೆ ಬಂದ ಮೇಲೆ ಅನೇಕ ಹೊಗೆಗೂಡುಗಳು ತಣ್ಣಗಾಗಿವೆ. ಇಂತಹ ಕತ್ತಲೆಯ ಪೊಟರೆ ಕಣಜ ಗೂಬೆಗೆ ಬಹಳ ಇಷ್ಟ.

ರಾತ್ರಿ ಮೇಲಿನಿಂದ ಬುಸುಗುಟ್ಟುವ ಸದ್ದು ಕೇಳಿದೊಡನೆ ಹಾವೆಂದು ಗಾಬರಿಯಾಗಬೇಡಿರಿ. ತಿಳಿಯದೆ ಕೈಯನ್ನೂ ಹಾಕಬೇಡಿರಿ. ಹಸಿದ ಗೂಬೆಮರಿಗಳ ಕೂಗೂ ಹಾಗೆಯೇ. ಕೆಳಗೆ ಕೂದಲು, ಎಲುಬು ಕೂಡಿದ ಕಪ್ಪು ಉಂಡೆಗಳು ಬಿದ್ದಿವೆಯೇ ನೋಡಿರಿ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದುದನ್ನು ಹೀಗೆ ಉಗುಳುತ್ತದೆ.

ಅದನ್ನು ಓಡಿಸಲು ಹೊಗೆ ಹಾಕಬೇಡಿರಿ. ತಾಯಿ ಹಾರಿಹೋದೀತು, ರೆಕ್ಕೆ ಬಲಿಯದ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಮೊಟ್ಟೆಯೊಡೆಯಲು ಸುಮಾರು 1 ತಿಂಗಳು, ಮರಿ ಹಾರಲು ಸುಮಾರು 2 ತಿಂಗಳು. ಅಲ್ಲಿಯವರೆಗೆ ಕಾಯಿರಿ. ಆಮೇಲೆ ಕೆಲವು ಸಂಜೆ ಗಮನಿಸಿ, ಒಳಗೆ ಯಾವುದೂ ಉಳಿದಿಲ್ಲವೆಂದು ಖಚಿತವಾದ ಬಳಿಕ ಬಾಯಿಗೆ ತಂತಿಬಲೆ ಬಿಗಿಯಿರಿ. ಮರಿ ಕೆಳಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಿರಿ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಗೂಬೆಗಳಿಗೂ ಉಂಟು.

ಗೂಬೆ ಹೊಕ್ಕ ಮನೆ ಹಾಳೆನ್ನುವರು. ಕಾಳು ತಿನ್ನುವ ಇಲಿಯನ್ನು ಹಿಡಿಯುವ ಹಕ್ಕಿಯಿಂದ ಮನೆ ಹಾಳಾಗುವುದೆಂತು? 3 ತಿಂಗಳ ಬಾಡಿಗೆಯನ್ನು ಅದು ಇಲಿಗಳಲ್ಲಿಯೇ ತೀರಿಸಿರುತ್ತದೆ.