ಮಣ್ಣಿನಲ್ಲಿರುವ ವಿಕಿರಣ ಧಾತು: ಎಷ್ಟು, ಮತ್ತು ಯಾವ ರೂಪದಲ್ಲಿ?

ಹಂಪೆಯ ಹೇಮಕೂಟದ ಮೇಲೆ ಕುಳಿತು ಸುತ್ತಲಿನ ಬಂಡೆಗಳನ್ನು ನೋಡುವವರಿಗೆ ಅವು ಅಚಲವಾದ, ಜಡವಾದ ರಾಶಿಗಳೆಂದೇ ತೋರುತ್ತವೆ. ಭೂವಿಜ್ಞಾನಿಗಳು ಇವನ್ನು ಕ್ಲೋಸ್‌ಪೇಟೆ ಗ್ರಾನೈಟಿನ ಭಾಗವೆನ್ನುತ್ತಾರೆ. ಕ್ಲೋಸ್‌ಪೇಟೆಯೆಂದರೆ ಇಂದಿನ ರಾಮನಗರ. ಅಲ್ಲಿಂದ ಉತ್ತರಕ್ಕೆ ನಮ್ಮ ಸೀಮೆಯವರೆಗೂ ಹಬ್ಬಿರುವ ಈ ಶಿಲಾಪಟ್ಟಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಇದರ ಹರಳುಗಳೊಳಗೆ ಯುರೇನಿಯಂ, ಥೋರಿಯಂ, ಪೊಟಾಸಿಯಂ-40 ಎಂಬ ವಿಕಿರಣಶೀಲ ಧಾತುಗಳು ಅಂದಿನಿಂದ ಇಂದಿನವರೆಗೂ ಒಡೆಯುತ್ತಲೇ ಇವೆ. ಇದನ್ನು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಭೂಮಿಯ ಮೇಲ್ಪದರದಲ್ಲಿ ಸರಾಸರಿ ಟನ್ನಿಗೆ ಸುಮಾರು 3 ಗ್ರಾಂ ಯುರೇನಿಯಂ, 10 ಗ್ರಾಂ ಥೋರಿಯಂ ಇದ್ದೇ ಇರುತ್ತದೆ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ತುಸು ಹೆಚ್ಚು. ಆ ಬಂಡೆ ಸವೆದು ಆದ ಮಣ್ಣಿನಲ್ಲಿಯೂ ಅವು ಇವೆ.

ಇಂಥ ಮಣ್ಣಿನ ಪರೀಕ್ಷೆಯ ಫಲಿತಾಂಶ ಪತ್ರಿಕೆಗಳಲ್ಲಿ ಬಂದಾಗ ‘ಕಿಲೋಗ್ರಾಮಿಗೆ ಇಷ್ಟು ಬೆಕೆರೆಲ್’ ಎಂಬ ಅಂಕಿಯನ್ನು ತಾವು ನೋಡಿರಬಹುದು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಈ ಎಣಿಕೆ ಬೇಕು, ಸಂದೇಹವಿಲ್ಲ. ಆದರೆ ಹೊಲದ ಒಡೆಯನೂ ಕೊಳವೆಬಾವಿಯ ನೀರು ಕುಡಿಯುವವನೂ ಕೇಳುವ ಪ್ರಶ್ನೆಯೇ ಬೇರೆ. ಅದು ಮಣ್ಣಿನಲ್ಲೇ ಕುಳಿತಿರುತ್ತದೆಯೆ, ನೀರಿಗಿಳಿಯುತ್ತದೆಯೆ, ಬೇರಿನ ಮೂಲಕ ತೆನೆಗೆ ಏರುತ್ತದೆಯೆ? ಎಣಿಕೆ ಒಂದೇ ಇರುವ ಎರಡು ಹೊಲಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಬರಬಹುದು. ಏಕೆಂದರೆ ಧಾತುವಿನ ರಾಸಾಯನಿಕ ರೂಪ ಎರಡು ಕಡೆಯೂ ಒಂದೇ ಆಗಿರಬೇಕೆಂದಿಲ್ಲ.

ವ್ಯಾಕರಣ ಪಾಠ ಹೇಳುವ ನನ್ನಂಥವನಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಮ್ಮಲ್ಲಿಯೂ ಧಾತುಗಳುಂಟಷ್ಟೆ. ‘ಹೋಗು’ ಎಂಬ ಒಂದೇ ಧಾತು ‘ಹೋದನು’ ಎಂದೂ ಆಗುತ್ತದೆ, ‘ಹೋಗಲಾರನು’ ಎಂದೂ ಆಗುತ್ತದೆ. ಯುರೇನಿಯಮ್ಮಿನ ಕಥೆಯೂ ಹೀಗೆಯೇ. ಆಮ್ಲಜನಕ ಸಾಕಷ್ಟಿರುವ ಕಡೆ ಅದು ಆರರ ವೇಲೆನ್ಸಿಯನ್ನು ತಳೆದು ಯುರೇನಿಲ್ ಎಂಬ ಅಯಾನಾಗಿ, ನೀರಿನಲ್ಲಿರುವ ಕಾರ್ಬೊನೇಟಿನ ಕೈಹಿಡಿದು ಹೊರಟುಬಿಡುತ್ತದೆ. ಕೋಲಾರವೇ ಮೊದಲಾದ ಪೂರ್ವದ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 30 ಮೈಕ್ರೋಗ್ರಾಮಿನ ಮಿತಿಯನ್ನು ಮೀರಿ ಕಂಡುಬಂದಿರುವುದು ಇಂಥ ಸಂಚಾರಿ ಯುರೇನಿಯಂ. ಆಮ್ಲಜನಕವಿಲ್ಲದೆಡೆ ಅದೇ ಧಾತು ನಾಲ್ಕರ ವೇಲೆನ್ಸಿಗಿಳಿದು ಘನವಾಗಿ ನಿಂತುಬಿಡುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸುಣ್ಣಕಲ್ಲಿನಲ್ಲಿಯೂ ಅದರ ಕೆಳಗಿನ ಗ್ರಾನೈಟಿನಲ್ಲಿಯೂ ಸಿಕ್ಕಿರುವ ಪಿಚ್‌ಬ್ಲೆಂಡ್, ಕಾಫಿನೈಟ್ ಖನಿಜಗಳು ಹೀಗೆ ನಿಂತುಹೋದ ರೂಪದವು. ಥೋರಿಯಮ್ಮಾದರೋ ಬಹುಮಟ್ಟಿಗೆ ಎಂದೆಂದಿಗೂ ‘ಹೋಗಲಾರನು’.

ಹಾಗಾದರೆ ಒಂದು ಹಿಡಿ ಮಣ್ಣಿನಲ್ಲಿ ಯಾವ ರೂಪ ಎಷ್ಟಿದೆಯೆಂದು ತಿಳಿಯುವುದು ಹೇಗೆ? 1979ರಲ್ಲಿ ಟೆಸಿಯರ್ ಮತ್ತು ಸಂಗಡಿಗರು ಲೋಹಗಳಿಗಾಗಿ ಪ್ರಕಟಿಸಿದ ಒಂದು ಕ್ರಮವನ್ನು ಮುಂದೆ ವಿಕಿರಣ ಧಾತುಗಳಿಗೂ ಬಳಸಲಾಯಿತು. ಅದನ್ನು ಸಾಲ ವಸೂಲಿಗೆ ಹೋಲಿಸಬಹುದು: ಮೊದಲು ಮೆತ್ತಗೆ ಕೇಳುವುದು, ಕೊಡದಿದ್ದರೆ ಗದರಿಸುವುದು, ಕೊನೆಗೆ ಮನೆಯನ್ನೇ ಕೆಡವುವುದು. ಮೊದಲ ಸಲ ಮಣ್ಣನ್ನು ಮೆಗ್ನೀಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಅಲುಗಾಡಿಸಿದರೆ, ಕಣಗಳ ಮೈಗೆ ಸುಮ್ಮನೆ ಅಂಟಿಕೊಂಡ ಅಯಾನುಗಳು ಬಿಟ್ಟುಬರುತ್ತವೆ. ಬೇರುಗಳಿಗೆ ಎಲ್ಲಕ್ಕಿಂತ ಸುಲಭವಾಗಿ ದೊರಕುವ ಪಾಲು ಇದೇ. ಆ ದ್ರವವನ್ನು ಬೇರ್ಪಡಿಸಿ, ಉಳಿದ ಮಣ್ಣಿಗೆ ಸೋಡಿಯಂ ಅಸಿಟೇಟಿನೊಡನೆ ಅಸಿಟಿಕ್ ಆಮ್ಲವನ್ನು ಹಾಕುತ್ತಾರೆ. ಸುಣ್ಣದ ಅಂಶದೊಳಗಿದ್ದುದು ಕರಗುತ್ತದೆ.

ಮೂರನೆಯ ಹಂತವಂತೂ ನಮ್ಮ ಸೀಮೆಗೆಂದೇ ಹೇಳಿಮಾಡಿಸಿದಂತಿದೆ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಹೇರಳವೆಂಬುದನ್ನು ಬಲ್ಲದವರಿಲ್ಲ. ಆ ಕೆಂಪು ಧೂಳು ರಸ್ತೆಯನ್ನೂ ಗಿಡಮರಗಳನ್ನೂ ಹಂಚುಗಳನ್ನೂ ಬಿಟ್ಟಿಲ್ಲ. ಈ ಎರಡು ಲೋಹಗಳ ಆಕ್ಸೈಡುಗಳು ಮಣ್ಣಿನ ಕಣಗಳ ಮೇಲೆ ತೆಳುವಾದ ಲೇಪದಂತೆ ಕುಳಿತು, ಹಾದುಹೋಗುವ ಯುರೇನಿಯಂ, ರೇಡಿಯಂಗಳನ್ನು ಹಿಡಿದಿಟ್ಟುಕೊಳ್ಳುತ್ತವೆ; ಮ್ಯಾಂಗನೀಸಿನ ಆಕ್ಸೈಡಿಗೆ ರೇಡಿಯಮ್ಮಿನ ಮೇಲೆ ವಿಶೇಷವಾದ ಮೋಹ. ಈ ಲೇಪವನ್ನು ಕರಗಿಸಲು ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ಎಂಬ ಅಪಕರ್ಷಕವನ್ನು ಹಾಕಿ 96 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಆಮೇಲೆ ಹೈಡ್ರೊಜನ್ ಪೆರಾಕ್ಸೈಡಿನಿಂದ ಎಲೆ, ಬೇರು, ಸಗಣಿಗಳ ಕೊಳೆತ ಭಾಗವನ್ನು ಸುಟ್ಟು, ಅದಕ್ಕೆ ಸೇರಿದ್ದನ್ನು ತೆಗೆಯುತ್ತಾರೆ. ಕೊನೆಗೆ ಉಳಿಯುವುದು ಜಿರ್ಕಾನ್, ಮೊನಜೈಟ್ ಮೊದಲಾದ ಗಟ್ಟಿ ಹರಳುಗಳ ಶೇಷ. ಅದನ್ನು ಒಡೆಯಲು ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಪ್ರತಿ ಹಂತದ ದ್ರವವನ್ನೂ ಬೇರೆಬೇರೆಯಾಗಿ ವಿಕಿರಣಮಾಪಕದಲ್ಲಿಟ್ಟು ಎಣಿಸಿದಾಗ, ಒಂದೇ ಇದ್ದ ಅಂಕಿ ಐದಾಗಿ ಒಡೆಯುತ್ತದೆ. ಕೊನೆಯ ಶೇಷದಲ್ಲಿಯೇ ಹೆಚ್ಚು ಪಾಲಿದ್ದರೆ, ಮೊತ್ತದ ಅಂಕಿ ದೊಡ್ಡದಾಗಿದ್ದರೂ ಬಾವಿಯ ನೀರಿಗೆ ಅದರಿಂದ ಭಯ ಕಡಮೆ. ಮೊದಲ ಎರಡರಲ್ಲಿ ಹೆಚ್ಚಿದ್ದರೆ ಚಿಕ್ಕ ಅಂಕಿಯನ್ನೂ ಲಘುವಾಗಿ ಎಣಿಸುವಂತಿಲ್ಲ.

1950 ಮತ್ತು 60ರ ದಶಕಗಳ ಬಾಂಬ್ ಪರೀಕ್ಷೆಗಳಿಂದ ಜಗತ್ತಿನ ಮಣ್ಣಿಗೆಲ್ಲ ಬಿದ್ದ ಕೃತಕ ಧಾತುಗಳ ಸಂಗತಿಯೂ ಇಂಥದೇ. ಸೀಸಿಯಂ-137 ಜೇಡಿಯ ಪದರಗಳ ನಡುವೆ ಪೊಟಾಸಿಯಮ್ಮಿನ ಜಾಗದಲ್ಲಿ ಹೊಕ್ಕು ಸಿಕ್ಕಿಕೊಳ್ಳುತ್ತದೆ. ಸ್ಟ್ರಾಂಷಿಯಂ-90 ಸುಣ್ಣದ ಬಂಧುವಾದ್ದರಿಂದ ಸಡಿಲವಾಗಿದ್ದು ಬೇರಿಗೆ ಬೇಗ ಒದಗುತ್ತದೆ.

ಈಗ ಹೊಸಪೇಟೆಯ ಜಲಾಶಯದ ಕಡೆಗೆ ಬರೋಣ. 1953ರಲ್ಲಿ ನೀರು ಬಿಟ್ಟಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರೆಯ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ಹೂಳನ್ನು ತೆಗೆದು ಹೊಲಗಳಿಗೆ ಹಾಕಬೇಕೆಂಬ ಮಾತು ಆಗಾಗ ಏಳುತ್ತದೆ. ಹೂಳಿನಲ್ಲಿ ಬಂಡೆಯ ಧಾತುಗಳೂ ಇರುತ್ತವೆ, ಕಬ್ಬಿಣದ ಲೇಪವೂ ಇರುತ್ತದೆ. ನೀರಿನಡಿಯಲ್ಲಿ ಆಮ್ಲಜನಕ ತೀರಿದ ಕೆಸರಿನಲ್ಲಿ ಕಬ್ಬಿಣದ ಆಕ್ಸೈಡು ಕರಗತೊಡಗುತ್ತದೆ. ಅದು ಹಿಡಿದಿದ್ದ ರೇಡಿಯಂ ಸಡಿಲಗೊಳ್ಳುತ್ತದೆ. ಅದೇ ಕೆಸರಿನಲ್ಲಿ ಯುರೇನಿಯಂ ಮಾತ್ರ ಇದಕ್ಕೆ ವಿರುದ್ಧವಾಗಿ ಗಟ್ಟಿಯಾಗಿ ಕೂರುತ್ತದೆ. ಹೂಳನ್ನು ಮೇಲೆತ್ತಿ ಬಿಸಿಲಿಗೆ ಹರಡಿದರೆ ಪಾತ್ರಗಳು ಅದಲುಬದಲು. ಕಂಪ್ಲಿಯ ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿ, ಕೊಯ್ಲಿಗೆ ಮುಂಚೆ ಬಸಿದು ಒಣಗಿಸುವಾಗ ನಡೆಯುವುದೂ ಇದೇ ಆಟ. ಆದುದರಿಂದ ಹೂಳನ್ನು ಪರೀಕ್ಷಿಸುವವರು ಅದು ಈಗಿರುವ ರೂಪವನ್ನೂ, ಹೊಲಕ್ಕೆ ಹೋದ ಮೇಲೆ ತಾಳುವ ರೂಪವನ್ನೂ ನೋಡಬೇಕಾಗುತ್ತದೆ.

ಈ ಹಂತಹಂತದ ಕ್ರಮವನ್ನು ವೇದವಾಕ್ಯವೆಂದು ತಿಳಿಯಬಾರದು. ಒಂದು ಲೇಪದಿಂದ ಬಿಡಿಸಿದ ಧಾತು ಪ್ರನಾಳದಲ್ಲಿಯೇ ಇನ್ನೊಂದು ಕಣಕ್ಕೆ ಅಂಟಿಕೊಂಡು, ಮುಂದಿನ ಹಂತದ ಲೆಕ್ಕಕ್ಕೆ ತಪ್ಪಾಗಿ ಸೇರುವುದುಂಟು. ಮಣ್ಣಿನಲ್ಲಿ ಯುರೇನಿಯಂ ಸಾಕಷ್ಟಿದ್ದರೆ ಕರಗಿಸದೆಯೇ ಎಕ್ಸ್-ಕಿರಣಗಳ ಹೀರಿಕೆಯಿಂದ ಅದರ ವೇಲೆನ್ಸಿಯನ್ನು ಓದಬಹುದು. ಇಂದೋರಿನ ಇಂಡಸ್-2 ಯಂತ್ರದಲ್ಲಿ ಇಂಥ ಕಿರಣಗಳ ಸೌಕರ್ಯವಿದೆ. ಸಾಮಾನ್ಯ ಮಣ್ಣಿನ ಟನ್ನಿಗೆ ಮೂರು ಗ್ರಾಮಿನಷ್ಟನ್ನು ಹೀಗೆ ಓದುವುದು ಕಷ್ಟ. ಅಲ್ಲಿ ಆಮ್ಲದ ಪ್ರನಾಳಗಳೇ ಗತಿ.

ಅದಕ್ಕೂ ಮುಂಚಿನ ಕಷ್ಟವೊಂದುಂಟು. ಜಲಾಶಯದ ತಳದಿಂದ ತೆಗೆದ ಕೆಸರನ್ನು ಗಾಳಿ ತಾಕದಂತೆ ಕೊಳವೆಯಲ್ಲಿ ಮುಚ್ಚಿ, ತಣ್ಣಗಿಟ್ಟು, ಸಾರಜನಕ ತುಂಬಿದ ಪೆಟ್ಟಿಗೆಯೊಳಗೇ ಬಿಚ್ಚಬೇಕು. ದಡದ ಮೇಲೆ ತಟ್ಟೆಯಲ್ಲಿ ಸುರಿದಿಟ್ಟರೆ ಕಪ್ಪಾಗಿದ್ದ ಕೆಸರಿನ ಮೇಲ್ಮೈ ಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣಕ್ಕೆ ಗಾಳಿ ತಾಕಿದ ಗುರುತು ಅದು. ಆ ಮೇಲೆ ಎಷ್ಟು ನಾಜೂಕಾಗಿ ಎಣಿಸಿದರೂ ಸಿಗುವುದು ತಟ್ಟೆಯ ಮಣ್ಣಿನ ಲೆಕ್ಕ, ನೀರಿನಡಿಯಲ್ಲಿದ್ದ ಕೆಸರಿನದಲ್ಲ.